ಅವರೆಯ ಇನ್ನೊಂದು ಹೆಸರು

ಸಾಲ್ಫರ್ಡ್‌ನ ನನ್ನ ಫ್ಲ್ಯಾಟಿನ ಕೆಳಗಿರುವ ತರಕಾರಿ ಅಂಗಡಿಗೆ ಜೂನ್‌ನಲ್ಲಿ ಬ್ರಾಡ್ ಬೀನ್ಸ್ ಬರುತ್ತದೆ. ಯಾರಾದರೂ ಒಂದು ಕಾಯಿ ಬಿಡಿಸಿದರೆ ಸಾಕು, ಆ ಹಸಿ ವಾಸನೆಗೆ ನಾನು ಬೆಳೆದ ಸಟನ್ ಕೋಲ್ಡ್‌ಫೀಲ್ಡ್‌ನ ಮನೆ ಕಣ್ಣೆದುರು ಬಂದು ನಿಲ್ಲುತ್ತದೆ. ಅಮ್ಮ ಮೈಸೂರಿನವಳು. ಈ ಪರದೇಶದಲ್ಲಿ ಸೊಗಡವರೆಗಾಗಿ ಹಂಬಲಿಸುತ್ತಿದ್ದವಳಿಗೆ, ನನಗೆ ಹನ್ನೊಂದು ತುಂಬಿದ ವರ್ಷ, ಈ ದಪ್ಪ ಕಾಯಿ ಮೊದಲ ಸಲ ಕಣ್ಣಿಗೆ ಬಿತ್ತು. ಅವತ್ತೇ ಅದು ನಮ್ಮ ಮನೆಯ ಅವರೆಕಾಯಿ ಆಯಿತು. ನಾನೂ ಐದು ವರ್ಷದ ತಮ್ಮ ಚಿನ್ನುವೂ ಕಾಳು ಹಿತುಕುತ್ತಾ ಕೂತೆವು. ಚಿನ್ನು ಹಿತುಕಿದ್ದಕ್ಕಿಂತ ಹಸಿಯಾಗಿ ತಿಂದದ್ದೇ ಹೆಚ್ಚು. ಕ್ಲಿನಿಕ್ ಮುಗಿಸಿ ಬಂದ ಅಪ್ಪ, ತಾವು ಡಾಕ್ಟರು ಎನ್ನುವುದನ್ನೇ ಮರೆತು, ಸಾರಿನ ಪಾತ್ರೆಗೆ ಮುಖವಿಟ್ಟು "ಅವರೆಕಾಳು! ಎಲ್ಲಿ ಸಿಕ್ತೇ ಇದು?" ಎಂದು ಮಗುವಿನಂತೆ ಹಿಗ್ಗಿದರು.

ಮರುದಿನ ಭಾನುವಾರ. ಚಿನ್ನು ಸೋಫಾ ಬಿಟ್ಟು ಏಳಲಿಲ್ಲ. ಮುಖ ಬಿಳಿಚಿತ್ತು, ಕಣ್ಣು ತುಸು ಹಳದಿ. ಅಪ್ಪ ತಮ್ಮ ಗೆಳತಿಗೆ ಫೋನ್ ಮಾಡಿದರು. ಅವರು ಇಟಲಿಯವರು, ಮಕ್ಕಳ ಡಾಕ್ಟರು. ಹುಡುಗ ಫಾವಾ ಏನಾದರೂ ತಿಂದನೇ ಎಂದು ಆಕೆ ಕೇಳಿದ್ದು ನನಗೂ ಕೇಳಿಸಿತು. ಅಪ್ಪ ಅಡುಗೆಮನೆಯತ್ತ ತಿರುಗಿ, "ಫಾವಾ ಅಂತ ಏನಾದ್ರೂ ತಂದಿದ್ಯಾ?" ಎಂದರು.

"ಅದೇನ್ರೀ ಅದು? ಅಂಥದ್ದೇನೂ ಮನೇಲಿಲ್ಲ."

ಅಪ್ಪ ಫೋನಿನಲ್ಲಿ ಇಲ್ಲ ಎಂದರು. ನಾಳೆ ರಕ್ತ ಪರೀಕ್ಷೆ ಮಾಡಿಸೋಣ ಎಂದಾಯಿತು. ಸಂಜೆ ಚಿನ್ನು ಏನನ್ನೂ ಮುಟ್ಟದಿದ್ದಾಗ ಅಮ್ಮ ಉಳಿದ ಸಾರಿಗೆ ಅನ್ನ ಕಲಸಿ, ತುಪ್ಪ ಹಾಕಿ, ತುತ್ತು ತುತ್ತಾಗಿ ತಿನ್ನಿಸಿದಳು. ಸದ್ಯ, ಇಷ್ಟಾದರೂ ತಿಂದನಲ್ಲ ಎಂದು ನಿಟ್ಟುಸಿರುಬಿಟ್ಟಳು.

ಬೆಳಿಗ್ಗೆ ಅವನ ಮೂತ್ರ ಕಾಫಿ ಡಿಕಾಕ್ಷನ್ನಿನಂತಿತ್ತು. ಆಸ್ಪತ್ರೆಯಲ್ಲಿ ಅವನಿಗೆ ರಕ್ತ ಏರಿಸುತ್ತಿದ್ದಂತೆಯೇ, ಮಧ್ಯಾಹ್ನದೊಳಗೆ, ನಮ್ಮ ಚಿನ್ನು ಹೋಗಿಬಿಟ್ಟ. ಆಮೇಲೆ ಆ ಇಟಲಿಯ ಡಾಕ್ಟರು ಬಂದು ಏನೇನು ತಿಂದಿದ್ದ ಎಂದು ಕೇಳಿದರು. ಅಮ್ಮ ಬೆರಳಲ್ಲಿ ಕಾಯಿಯ ಉದ್ದ ತೋರಿಸಿದಳು, ಕಾಳು ಹಿತುಕುವ ಹಾಗೆ ಮಾಡಿ ತೋರಿಸಿದಳು. ಆಕೆ ಅಮ್ಮನ ಕೈ ಹಿಡಿದುಕೊಂಡು, ಮೆಲ್ಲಗೆ, "ಫಾವಾ" ಎಂದರು. ಅಪ್ಪ ಗೋಡೆಗೆ ಒರಗಿದರು. ಕೆಲವರ ರಕ್ತಕ್ಕೆ ಆ ಕಾಳೇ ವಿಷವಾಗುತ್ತದೆ ಎಂದು ಅವರು ಮೆಡಿಕಲ್ ಕಾಲೇಜಿನಲ್ಲಿ ಓದಿದ್ದರು. ಪುಸ್ತಕದ ಆ ಹೆಸರು ತಮ್ಮ ತಟ್ಟೆಯಲ್ಲಿದ್ದದ್ದರದೇ ಎಂದು ಮಾತ್ರ ಗೊತ್ತಿರಲಿಲ್ಲ.

ಅಲ್ಲಿಂದಾಚೆಗೆ ಅಪ್ಪ ಹೊರದೇಶದ ರೋಗಿಗಳನ್ನೆಲ್ಲ ಕೇಳತೊಡಗಿದರು. ಫ್ರೆಂಚರಿಗೆ ಅದು ಫೆವ್, ಸ್ಪೇನಿನವರಿಗೆ ಆಬಾ, ಪೋಲಂಡಿನವರಿಗೆ ಬೂಪ್, ಗ್ರೀಕರಿಗೆ ಕುಕ್ಯಾ. ಒಂದು ದಿನ ಊಟದ ನಡುವೆ ಅವರ ದನಿ ಒಡೆಯಿತು: "ಇಷ್ಟು ಹೆಸರಿದ್ವಲ್ಲೇ. ಒಂದಾದ್ರೂ ನನಗೆ ಗೊತ್ತಿರಬಾರದಿತ್ತಾ?"

"ನನಗೆ ಗೊತ್ತಿದ್ದದ್ದು ಒಂದೇ ರೀ," ಎಂದು ಅಮ್ಮ ತಟ್ಟೆ ಸರಿಸಿ ಎದ್ದಳು.

ಆ ಚಳಿಗಾಲ ಅವಳು ಮೈಸೂರಿಗೆ ಹೋದಳು. ಅಲ್ಲಿ ಅವರೆಯ ಕಾಲ. ಬೀದಿಯ ಪ್ರತಿ ಮನೆಯಿಂದಲೂ ಅದೇ ಸೊಗಡು. ಇರಲಾರದೆ ಹಿಂತಿರುಗಿದಳು. ಹಿಂತಿರುಗಿ ಬರಲು ಅವಳಿಗಿದ್ದದ್ದು ಸಟನ್ ಕೋಲ್ಡ್‌ಫೀಲ್ಡ್‌ನ ಆ ಒಂದೇ ಮನೆ. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ, ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಅವರು ಬದುಕಿದ್ದಷ್ಟು ಕಾಲ ನಾವು ಮೂವರೂ ಒಂದೇ ಸೂರಿನಡಿ ಇದ್ದೆವು. ಒಟ್ಟಿಗೆ ಊಟಕ್ಕೆ ಕೂರುವುದು ಮಾತ್ರ ನಿಂತುಹೋಗಿತ್ತು; ಹಸಿವಾದಾಗ ಒಬ್ಬೊಬ್ಬರೇ ಅಡುಗೆಮನೆಗೆ ಹೋಗಿ, ನಿಂತುಕೊಂಡೇ ಏನೋ ಒಂದಷ್ಟು ತಿಂದು ಬರುತ್ತಿದ್ದೆವು.