ರನ್‌ವೇ ಮೇಲಿನ ರಾಗಿ ರಾಶಿ

ಐವತ್ತರ ದಶಕದ ಕೊನೆಯಲ್ಲಿ ನಾನು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯ ಒಂದು ಸಣ್ಣ ವಿಮಾನ ನಿಲ್ದಾಣದಲ್ಲಿ ಏರೋಡ್ರೋಮ್ ಅಸಿಸ್ಟೆಂಟ್ ಆಗಿದ್ದೆ. ನಿಲ್ದಾಣ ಎನ್ನುವುದೇ ದೊಡ್ಡ ಮಾತು. ಯುದ್ಧಕಾಲದಲ್ಲಿ ಹಾಕಿದ್ದ ಸಿಮೆಂಟ್ ರನ್‌ವೇ, ಒಂದು ಹೆಂಚಿನ ಕೋಣೆ, ಗಾಳಿಯ ದಿಕ್ಕು ತೋರಿಸಲು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲ, ಅಂದರೆ ವಿಂಡ್‌ಸಾಕ್. ಇಷ್ಟೇ. ಬೆಂಗಳೂರಿನಿಂದ ಆಗೊಮ್ಮೆ ಈಗೊಮ್ಮೆ ತರಬೇತಿ ವಿಮಾನಗಳು ಬಂದಿಳಿಯುತ್ತಿದ್ದವು. ಅದಕ್ಕೆ ಮುಂಚೆ ತಂತಿ ಬರುತ್ತಿತ್ತು.

ಉಳಿದ ದಿನ ನನಗೆ ದನ ಅಟ್ಟುವ ಕೆಲಸ. ಸಂಕ್ರಾಂತಿಯ ಹೊತ್ತಿಗೆ ರಾಗಿಯ ಕಾಟವೂ ಸೇರುತ್ತಿತ್ತು. ಗಟ್ಟಿ ನೆಲ, ಅಡ್ಡಿಯಿಲ್ಲದ ಗಾಳಿ. ತೂರುವುದಕ್ಕೆ ಇದಕ್ಕಿಂತ ಒಳ್ಳೆಯ ಕಣ ರೈತರಿಗೆ ಎಲ್ಲಿ ಸಿಕ್ಕೀತು? ನಾನು ಕೂಗಾಡಿ ಗಂಟಲು ಹರಿದುಕೊಳ್ಳುತ್ತಿದ್ದೆ. ಮುನಿಯಮ್ಮ ಎಂಬ ವಿಧವೆಗಂತೂ ಅದು ನಾಟುತ್ತಲೇ ಇರಲಿಲ್ಲ.

“ಇವತ್ತು ಇಮಾನ ಬರಲ್ಲ ಬಿಡಿ ಸ್ವಾಮಿ, ತಂತಿ ಬಂದಿಲ್ವಲ್ಲ,” ಎನ್ನುತ್ತಿದ್ದಳು. ಪೋಸ್ಟ್‌ಮ್ಯಾನ್‌ನನ್ನು ನನಗಿಂತ ಮೊದಲೇ ವಿಚಾರಿಸಿರುತ್ತಿದ್ದಳು, ಪುಣ್ಯಾತ್ಗಿತ್ತಿ!

ಕಣಕ್ಕೆ ಬಂದವರಿಗೆಲ್ಲ ಒಂದು ಬೊಗಸೆ ರಾಗಿ ಕೊಡುವುದು ಅಲ್ಲಿನ ಪದ್ಧತಿ. ನನಗೂ ಕೊಡಲು ಬರುತ್ತಿದ್ದಳು. ರೂಲ್ಸ್ ಪ್ರಕಾರ ತೆಗೆದುಕೊಳ್ಳುವಂತಿಲ್ಲ ಎಂದು ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ಮುನಿಯಮ್ಮ ರಾಶಿಪೂಜೆ ಮುಗಿಸಿದ್ದಳು. ಪೂಜೆಯಾದ ರಾಶಿಯನ್ನು ಅಳೆದು ತುಂಬುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ, ಚಪ್ಪಲಿ ಮೆಟ್ಟುವಂತಿಲ್ಲ. ಮಾತಾಡಿದರೆ ಹುಲುಸು ಹೋಗುತ್ತದೆಂಬ ನಂಬಿಕೆ. ಆಗ ಸ್ಕಂದಗಿರಿಯ ಕಡೆಯಿಂದ, ತಂತಿಯೇ ಇಲ್ಲದೆ, ಒಂದು ವಿಮಾನ ಬಂತು. ಇಂಜಿನ್ ಬಿಟ್ಟು ಬಿಟ್ಟು ಕೆಮ್ಮುತ್ತಿತ್ತು. ರನ್‌ವೇ ನಡುವೆ ಆಕೆಯ ವರ್ಷದ ಅನ್ನ ಗುಡ್ಡೆಯಾಗಿತ್ತು.

ನಾನು ಕೂಗುತ್ತಾ ಓಡಿದೆ. ಕಣದಲ್ಲಿದ್ದವರೆಲ್ಲ ಮುನಿಯಮ್ಮನ ಮುಖ ನೋಡಿದರು. ಆಕೆ ಆಕಾಶ ನೋಡಿದಳು. ಆಮೇಲೆ ತಾನೇ ಮೌನ ಮುರಿದಳು:

“ನೂಕ್ರೋ! ಒಳಗೆ ಮನುಷ್ಯ ಅವ್ನೆ ಕಣ್ರೋ, ನೂಕ್ರೋ!”

ಮೊರ, ಕಂಬಳಿ, ಬರಿಗೈ, ಸಿಕ್ಕಿದ್ದರಲ್ಲಿ ನೂಕಿದರು. ನಾನೂ ನೂಕಿದೆ. ರಾಗಿ ಮುಳ್ಳುಗಿಡಗಳ ಮಣ್ಣಿಗೆ ಚೆಲ್ಲಿತು. ಅಷ್ಟರಲ್ಲಿ ಇಂಜಿನ್ ನಿಂತೇ ಹೋಯಿತು. ಇನ್ನೊಂದು ಸುತ್ತು ಹಾಕುವ ಮಾತೇ ಇರಲಿಲ್ಲ. ವಿಮಾನ ಸದ್ದಿಲ್ಲದೆ ತೇಲಿ ಬಂದು ನೆಲ ಮುಟ್ಟಿ, ನಮ್ಮನ್ನು ದಾಟಿ ಹೋಗಿ ನಿಂತಿತು.

ತರಬೇತಿಯ ಪೈಲಟ್ ಇಳಿದು ಬಂದ. “ಬೂಟು ಬಿಚ್ಚಪ್ಪಾ, ಕಣ ಇದು,” ಎಂದಳು ಮುನಿಯಮ್ಮ. ಅವನು ಬಿಚ್ಚಿದ. ಮಣ್ಣು ಬೆರೆತ ರಾಗಿಯನ್ನೇ ಬೊಗಸೆ ತುಂಬಿ ಅವನ ಕೈಗೆ ಸುರಿದಳು. “ಕಣಕ್ಕೆ ಬಂದೋರು ಬರಿಗೈಲಿ ಹೋಗ್ಬಾರ್ದು ನಾಯನಾ.”

ಅವನು ಅತ್ತುಬಿಟ್ಟ. ನನ್ನ ಕಣ್ಣೂ ತುಂಬಿತ್ತು. ಅಂದು ಸಂಜೆಯವರೆಗೆ ಎಲ್ಲರೂ ಕೂತು ರಾಗಿ ಆಯ್ದೆವು, ಅರ್ಧವೂ ಸಿಗಲಿಲ್ಲ.

ರನ್‌ವೇ ತೆರವಾಗಿರಲೇಬೇಕೆಂಬ ಹಟವನ್ನು ನಾನು ಆಮೇಲೂ ಬಿಡಲಿಲ್ಲ. ಆದರೆ ನಿಯಮ ಯಾಕಿದೆ ಎನ್ನುವುದು ಜನಕ್ಕೂ ಗೊತ್ತಿರುತ್ತದೆ, ಕೂಗಾಡುವ ಮೊದಲು ಅವರ ಜೊತೆ ಕೂತು ಮಾತಾಡಬೇಕು ಎಂಬುದನ್ನು ಆ ಕೆಲಸ ಕಲಿಸಿತು. ಮೇಲಧಿಕಾರಿಗಳ ಬೆನ್ನು ಹತ್ತಿ, ರನ್‌ವೇಯಿಂದ ದೂರದ ಮೂಲೆಯಲ್ಲಿ ಕಣಕ್ಕೆ ಜಾಗ ಕೊಡಿಸಿದೆ. ಮುಂದಿನ ಸುಗ್ಗಿಯಲ್ಲಿ ಮುನಿಯಮ್ಮ ಕರೆಯುವ ಮುಂಚೆಯೇ ನಾನು ಬೂಟು ಬಿಚ್ಚಿ, ಬೊಗಸೆ ಒಡ್ಡಿ ನಿಂತಿದ್ದೆ.