ಜಾವಳಿಗೆ ಬಿದ್ದ ಡ್ರೋನಿನ ಜಾತಕ

ಮಲೆನಾಡಿನ ತಾಂತ್ರಿಕ ಶಿಕ್ಷಣದ ಮಾತು ಬಂದಾಗ ಶ್ರೀಮತಿ ವಿಶಾಲಾಕ್ಷಮ್ಮನವರ ಹೆಸರನ್ನು ಬಿಟ್ಟು ಮುಂದುವರಿಯುವುದೆಂದರೆ, ಪಲ್ಪರ್ ಇಲ್ಲದೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯಲು ಹೊರಟಂತೆ. ಮೂಡಿಗೆರೆ ಸೀಮೆಯ ಪಾಲಿಟೆಕ್ನಿಕ್ಕೊಂದರ ಯಂತ್ರ ವಿಭಾಗದ ಮುಖ್ಯಸ್ಥರಾಗಿ ಈ ವರ್ಷ ನಿವೃತ್ತರಾಗುತ್ತಿರುವ ಅವರು, ಎಸ್ಟೇಟುಗಳ ಪಂಪು, ಪಲ್ಪರು, ಕಳೆ ಕತ್ತರಿಸುವ ಯಂತ್ರಗಳನ್ನೇ ಪಠ್ಯಪುಸ್ತಕವಾಗಿಸಿಕೊಂಡು ಎರಡು ತಲೆಮಾರಿನ ತಂತ್ರಜ್ಞರನ್ನು ರೂಪಿಸಿದವರು.

ಕಳಸದ ಪುಟ್ಟ ತರಬೇತಿ ಕೇಂದ್ರದಲ್ಲಿ ಅವರು ಸೇವೆ ಆರಂಭಿಸಿದಾಗ, ಹೆಂಗಸು ಸ್ಪ್ಯಾನರ್ ಹಿಡಿದರೆ ಮಳೆಯೇ ಬಾರದೇನೋ ಎಂಬಂತೆ ನೋಡಿದವರಿದ್ದರು. ಮಳೆಯೂ ಬಂತು, ಯಂತ್ರಗಳೂ ಓಡಿದವು. ಪ್ರಾಯೋಗಿಕ ಪರೀಕ್ಷೆಯ ದಿನ ಬಸ್ಸು ತಡವಾಗಿ ಮಕ್ಕಳು ದಾರಿಯಲ್ಲಿ ಸಿಕ್ಕಿಬಿದ್ದರೆ, ಇವರು ಸದ್ದಿಲ್ಲದೆ ಲೇತಿನ ಒಂದು ಭಾಗ ಬಿಚ್ಚಿಟ್ಟು, "ಯಂತ್ರ ಕೈಕೊಟ್ಟಿದೆ, ಅಷ್ಟರಲ್ಲಿ ತಾವು ಕಾಫಿ ತಗೊಳ್ಳಿ" ಎಂದು ಹೊರಗಿನ ಪರೀಕ್ಷಕರನ್ನು ಕೂರಿಸುತ್ತಿದ್ದರು. ಬಸ್ಸು ಬರುವುದಕ್ಕೂ ಲೇತು ಸರಿಯಾಗುವುದಕ್ಕೂ ಸರಿಹೋಗುತ್ತಿತ್ತು. ಹಾಗೆ ಪಾಸಾದವರು ಇಂದು ಎಷ್ಟು ಜನವೋ!

ಗುಣಗಳನ್ನೇ ಹೇಳಿದರೆ ಅವರಿಗೇ ಸಿಟ್ಟು ಬಂದೀತು. ಒಂದು ಹಟವನ್ನೂ ಹೇಳಬೇಕು. "ಕೆಲಸ ಮೊದಲು, ಕಾರಣ ಆಮೇಲೆ" ಎಂಬುದು ಅವರ ಬೋಧನಾ ಕ್ರಮ. ಬಿಚ್ಚು ಎಂದರೆ ಬಿಚ್ಚಬೇಕು. ಯಾಕೆಂದು ಕೇಳಿದರೆ ಮುಗುಳ್ನಗೆಯಷ್ಟೇ ಉತ್ತರ. ಈ ಹಟವೇ ಅವರನ್ನು ಒಮ್ಮೆ ಇಕ್ಕಟ್ಟಿಗೆ ಸಿಲುಕಿಸಿತು.

ಕಳೆದ ವರ್ಷ ಮೆಣಸು ಕೊಯ್ಲಿನ ಹೊತ್ತಿಗೆ, ಜಾವಳಿಯ ಕಾಫಿ ತೋಟವೊಂದರಲ್ಲಿ ಜೀಪಿನುದ್ದದ ಕಿತ್ತಳೆ ಬಣ್ಣದ ಮಾನವರಹಿತ ವಿಮಾನವೊಂದು ಬಿದ್ದಿತು. ಮೈಮೇಲೆ ಹೆಸರಿಲ್ಲ, ಗುರುತಿಲ್ಲ. ಸೀಮೆಯಲ್ಲೆಲ್ಲ ಡ್ರೋನ್ ಹಾರಿಸುವವನೆಂದರೆ ವಿಶಾಲಾಕ್ಷಮ್ಮನವರ ಹಳೆಯ ಶಿಷ್ಯ, ತೋಟದ ಕೆಲಸಗಾರ ಬೆಳ್ಳಿಯಪ್ಪನ ಮಗ ಅನಿಲ್ ಒಬ್ಬನೇ. ತೋಟಗಳಿಗೆ ಔಷಧಿ ಸಿಂಪಡಿಸಿ ಬದುಕುತ್ತಿದ್ದವನು. ಸಂಶಯ ಅವನ ಮೇಲೇ ಬಂತು. ಯಾರದೋ ಗೂಢಚಾರ ವಿಮಾನವನ್ನು ಇವನೇ ಇಳಿಸಿಕೊಂಡನೆಂದು ಸುದ್ದಿ ಹಬ್ಬಿ, ಅವನ ಡ್ರೋನು ಠಾಣೆ ಸೇರಿತು. ಮಳೆಗೆ ಮುಂಚಿನ ಸಿಂಪಡಣೆಯ ಕಾಲ ಹತ್ತಿರ ಬಂದರೂ ಯಾವ ತೋಟದವರೂ ಅವನನ್ನು ಕರೆಯಲಿಲ್ಲ.

ಯಂತ್ರದ ಮೂಲ ತಿಳಿಯದೆ ಯಾವ ಇಲಾಖೆಯನ್ನು ವಿಚಾರಿಸುವುದೆಂದು ತೋಚದ ಇನ್ಸ್‌ಪೆಕ್ಟರು ವಿಶಾಲಾಕ್ಷಮ್ಮನವರ ಅಭಿಪ್ರಾಯ ಕೇಳಿದರು. ಅವರು ನೋಡುವ ಹೊತ್ತಿಗೆ ಅರ್ಧ ವಿಮಾನ ಊರಿನ ಪಾಲಾಗಿತ್ತು! ಅದರ ಪ್ಯಾರಾಚೂಟು ಪ್ಲಾಂಟರ್ ಮಂಜಯ್ಯನವರ ಕಣದಲ್ಲಿ ಮೆಣಸು ಒಣಗಿಸುವ ಹಾಸಾಗಿತ್ತು; ಒಂದು ರೆಕ್ಕೆ ಕೋಳಿಗೂಡಿನ ಸೂರಾಗಿತ್ತು. ಅಮ್ಮನವರು ಮನೆಮನೆ ತಿರುಗಿ, ಟಾರ್ಪಾಲು ಕೊಟ್ಟು ಪ್ಯಾರಾಚೂಟನ್ನೂ, ತಗಡು ಕೊಟ್ಟು ರೆಕ್ಕೆಯನ್ನೂ ಬಿಡಿಸಿ ತಂದರು. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ.

ರೆಕ್ಕೆಯ ಹೊಟ್ಟೆಯಲ್ಲಿ ನೀರಿನಲ್ಲಿ ತೇಲುವ, ಥರ್ಮಾಕೋಲಿನಂಥ ಹಗುರ ಹಲಗೆ ತುಂಬಿತ್ತು. ಇಳಿಯಲು ಕಾಲಿಲ್ಲ, ಗಾಲಿಯಿಲ್ಲ. ಇದು ಸಮುದ್ರಕ್ಕೆ ಬಿದ್ದು ತೇಲಲೆಂದೇ ಮಾಡಿದ ಯಂತ್ರ, ಬಂದದ್ದು ಕರಾವಳಿಯ ಕಡೆಯಿಂದ ಎಂದು ಅವರಿಗೆ ಹೊಳೆಯಿತು. ಆದರೆ ಮೂಗಿನಲ್ಲಿ ಬಟ್ಟಲಿನಂಥ ಒಂದು ಗೂಡು ಖಾಲಿಯಿತ್ತು.

"ಅಲ್ಲಿ ಕ್ಯಾಮೆರಾ ಇತ್ತಂತೆ ಮೇಡಂ, ಹುಡುಗ ಬಚ್ಚಿಟ್ಟಿದಾನಂತೆ" ಎಂದರು ಇನ್ಸ್‌ಪೆಕ್ಟರು.

ಆ ಗೂಡಿನಲ್ಲಿದ್ದುದು ತೋಟದ ಕೆಲಸದ ಜವರಮ್ಮನ ಮನೆಯಲ್ಲಿತ್ತು: ತೆಂಗಿನಕಾಯಿ ಗಾತ್ರದ, ಅರ್ಧಕ್ಕೆ ಬೆಳ್ಳಿಹೊಳಪಿನ ಬಿಳಿ ಗುಂಡು. ಅಮ್ಮನವರು ಹೊಸ ಸ್ಟೀಲ್ ಕೊಡಪಾನ ಹಿಡಿದು ಹೋದರೆ ಜವರಮ್ಮ ಮುಖ ತಿರುಗಿಸಿದರು.

"ಆಕಾಶದಿಂದ ಬಂದಿದ್ದು, ದೇವ್ರ ಗೂಡಲ್ಲಿ ಇಟ್ಟಿದೀನಿ. ಕೊಡಪಾನಕ್ಕೆಲ್ಲ ಕೊಡೋಕಾಗುತ್ತಾ?"

ಎರಡು ಸಲ ಹೋದರೂ ಅದೇ ಉತ್ತರ. ಮೂರನೆಯ ಸಲ ವಿಶಾಲಾಕ್ಷಮ್ಮನವರು ಜಗಲಿಯ ಮೇಲೆ ಕೂತುಬಿಟ್ಟರು. ಜೀವಮಾನದಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಮೊದಲು ಕಾರಣ ಹೇಳಿದರು.

"ಜವರಮ್ಮ, ಅದು ಸಿಗದಿದ್ರೆ ಅನಿಲನ ಮೇಲಿನ ಸಂಶಯ ಹೋಗಲ್ಲ."

"ಅಯ್ಯೋ ಮಾರಾಯ್ತಿ!" ಎಂದವರು ನಾಲಿಗೆ ಕಚ್ಚಿಕೊಂಡರು. "ಮೊದ್ಲೇ ಹೇಳೋದಲ್ವಾ ಅಮ್ಮಾವ್ರೆ? ಬೆಳ್ಳಿಯಪ್ಪನ ಮಗ ಅಲ್ವಾ ಅವ್ನು! ನೀವು ಗುಂಡು ಕೇಳಿದ್ರಿ, ಹುಡುಗನ ಮಾತೇ ಎತ್ಲಿಲ್ಲ."

ಗುಂಡು ಕುಂಕುಮ ಸಮೇತ ಹೊರಬಂತು. ಸುದ್ದಿ ತಿಳಿದ ಊರವರು ತಂತಿ, ತಿರುಪು, ಚೂರುಗಳನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ತಾವಾಗಿಯೇ ಠಾಣೆಗೆ ಬಂದರು.

ಗುಂಡು ಗೂಡಿನಲ್ಲಿ ಸರಿಯಾಗಿ ಕೂತಿತು. ಅದು ಕ್ಯಾಮೆರಾ ಕಣ್ಣಲ್ಲ, ರೇಡಾರಿನ ಕಿರಣವನ್ನು ಬಂದ ದಾರಿಯಲ್ಲೇ ಹಿಂದಿರುಗಿಸಿ, ಪುಟ್ಟ ಯಂತ್ರವನ್ನು ದೊಡ್ಡ ವಿಮಾನವೆಂಬಂತೆ ತೋರಿಸುವ ಸಾಧನ. "ಕದಿಯೋಕೆ ಬರೋನು ಗಂಟೆ ಬಾರಿಸ್ಕೊಂಡು ಬರ್ತಾನಾ ಸಾರ್?" ಎಂದರು ವಿಶಾಲಾಕ್ಷಮ್ಮ. "ಇದು 'ನನ್ನನ್ನು ನೋಡಿ, ಹೊಡೀರಿ' ಅಂತ ಕೂಗೋ ಯಂತ್ರ. ಸೈನಿಕರ ಗುರಿ ಅಭ್ಯಾಸಕ್ಕೆ ಹಾರಿಸೋದು."

ಆ ಸುಳಿವಿನ ಮೇಲೆ ವಿಚಾರಿಸಿದಾಗ ಸರಿಯಾದ ಕಡೆಯಿಂದಲೇ, ಅಂದರೆ ಸೇನೆಯಿಂದಲೇ, ಅಧಿಕಾರಿಗಳು ಬಂದರು. ಸಮುದ್ರದ ಮೇಲಿನ ಅಭ್ಯಾಸದಲ್ಲಿ ಸಂಪರ್ಕ ತಪ್ಪಿ, ಇಂಧನ ಮುಗಿಯುವವರೆಗೆ ಘಟ್ಟ ಹತ್ತಿ ಬಂದ ಗುರಿ ವಿಮಾನವದು ಎಂದು ಒಪ್ಪಿ, ಅಮ್ಮನವರ ಕೈಕುಲುಕಿದರು.

ಅನಿಲನ ಡ್ರೋನನ್ನು ಹಿಂತಿರುಗಿಸಿದ ಇನ್ಸ್‌ಪೆಕ್ಟರು, "ಇಲ್ಲೇ ಒಂದ್ಸಲ ಹಾರಿಸಪ್ಪ, ಸರಿಯಿದೆಯಾ ನೋಡೋಣ" ಎಂದರು. ಅದು ಠಾಣೆಯ ಹೆಂಚು ದಾಟಿ ಏರುತ್ತಿದ್ದಂತೆ ಊರಿಗೆ ಊರೇ ಚಪ್ಪಾಳೆ ತಟ್ಟಿತು. ಮಂಜಯ್ಯನವರು ಅಲ್ಲೇ ಸಿಂಪಡಣೆಗೆ ದಿನ ಕೇಳಿದರು. ಬೆಳ್ಳಿಯಪ್ಪ ಅತ್ತರು, ಅಮ್ಮನವರೂ ಅತ್ತರು. ಅತ್ತಿಲ್ಲವೆಂದು ಅವರು ಇಂದಿಗೂ ಸಾಧಿಸುತ್ತಾರೆ, ಕನ್ನಡಕ ಒರೆಸಿಕೊಂಡದ್ದನ್ನು ಅವರ ಶಿಷ್ಯರಾದ ನಾವೆಲ್ಲ ಕಂಡಿದ್ದೇವೆ.

ಬರುವ ತಿಂಗಳಿಂದ ಅನಿಲನ ಜೊತೆ ಸೇರಿ ಅವರು ಕಳಸದಲ್ಲಿ ತೋಟದ ಡ್ರೋನುಗಳ ದುರಸ್ತಿ ಕಲಿಸಲಿದ್ದಾರೆ. ಬಿಡುವಿಲ್ಲದ ಈ ನಿವೃತ್ತಿ ಅವರಿಗೆ ಆಯುಸ್ಸನ್ನೂ ನಮಗೆ ವಿದ್ಯೆಯನ್ನೂ ಹೆಚ್ಚಿಸಲಿ. ಆಶೀರ್ವದಿಸುವಷ್ಟು ಹಿರಿಯರಲ್ಲದ ನಾವು, ಬೀಳ್ಕೊಡುಗೆಯ ದಿನ ಜವರಮ್ಮ ಅವರ ಎರಡೂ ಕೈ ಹಿಡಿದು ಆಡಿದ ಮಾತನ್ನೇ ನಮ್ಮ ಹಾರೈಕೆಯಾಗಿ ಒಪ್ಪಿಸುತ್ತೇವೆ:

"ನಮ್ ಮಕ್ಳ ಮೇಲೆ ಇನ್ನೂ ಏನೇನು ಬೀಳೋದಿದ್ಯೋ ಅಮ್ಮಾವ್ರೆ, ನೀವು ಗಟ್ಟಿಯಾಗಿರ್ಬೇಕು."