ಘಾರಾಪುರಿಯಲ್ಲಿ ಬಿದ್ದ ಅಕ್ಕಿಕಾಳು

ನಾವು ಇದ್ದಲ್ಲೇ ಇದ್ದೆವು, ನಮ್ಮ ರಾಜಧಾನಿ ಮಾತ್ರ ಊರು ಬದಲಿಸಿತು. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋದ ಮೇಲೂ ಕೆಲವು ವರ್ಷ ಹೈದರಾಬಾದೇ ನಮ್ಮ ರಾಜಧಾನಿಯಾಗಿತ್ತು. ಆಮೇಲೆ ಮರಾಠವಾಡವನ್ನು ಮುಂಬಯಿ ರಾಜ್ಯಕ್ಕೆ ಸೇರಿಸಿದರು. ಉಮರ್ಗಾದ ಹತ್ತಿರ ದಾಳಿಂಬದಲ್ಲಿ ತೊಗರಿ ರಾಶಿಯ ಮುಂದೆ ಕೂತಿದ್ದ ನಮ್ಮ ದೊಡ್ಡಪ್ಪನಿಗೆ ಈ ಸುದ್ದಿ ಮುಟ್ಟಿದಾಗ ಅವನು ಕೈಯಲ್ಲಿದ್ದ ಮೊರ ಕೆಳಗಿಟ್ಟ.

"ನನಗ ಉರ್ದು ಬರ್ತಿತ್ತು, ಹೈದರಾಬಾದ್ ನಡೀತು. ಈಗ ಮುಂಬಯಿ ಅಂತಾರ. ಒಮ್ಮೆ ಹೋಗಿ ನೋಡಿ ಬರಬೇಕಾಗ್ತದ. ನೋಡದ ಊರಿನ ಹುಕುಂ ಹ್ಯಾಂಗ ಕೇಳಾದು?" ಎಂದ.

ಹೀಗೆ ನಮ್ಮ ಪ್ರವಾಸ ನಿಶ್ಚಯವಾಯಿತು. ಊರಿಗೆ ಹೇಳಿದ ಕಾರಣ ಇದು. ಅದರೊಳಗೆ ಸೇರಿಕೊಂಡ ಇನ್ನೊಂದು ಕಾರಣ ನಾನು.

ನನಗೆ ಸಣ್ಣವಳಿದ್ದಾಗಲೇ ಮದುವೆಯಾಗಿತ್ತು. ಪೊಲೀಸ್ ಆಕ್ಷನ್ನಿನ ಗದ್ದಲದ ವರ್ಷ ಕಾಲರಾ ಬಂದು ಗಂಡ ತೀರಿಹೋದ. ಅವನ ಮುಖಕ್ಕಿಂತ ಅವನ ಕೆಮ್ಮು ನನಗೆ ಹೆಚ್ಚು ನೆನಪಿದೆ. ತವರಿಗೆ ಬಂದೆ. ರೊಟ್ಟಿ ಬಡಿಯುವುದರಲ್ಲೂ ಎದುರುತ್ತರ ಕೊಡುವುದರಲ್ಲೂ ಪಳಗಿದೆ. ಉದಗೀರದಲ್ಲಿದ್ದ ನನ್ನ ಸೋದರತ್ತೆಗೆ ನನ್ನ ಮೇಲೆ ಕರುಣೆ. ಅವಳ ಮೈದುನ ನಿಲಂಗಾದಲ್ಲಿ ಹೊಲ ಮಾಡಿಕೊಂಡಿದ್ದ, ಹೆಂಡತಿ ಸತ್ತವನು. ಅವನಿಗೆ ನನ್ನನ್ನು ಕೊಡಿಸಬೇಕೆಂದು ಅವಳು ಎರಡು ಸಲ ನಮ್ಮ ಮನೆಗೆ ಬಂದು ಹೋಗಿದ್ದಳು.

ನಮ್ಮಲ್ಲಿ ವಿಧವೆಗೆ ಮತ್ತೊಂದು ಮದುವೆ ಇಲ್ಲವೆಂದೇನಲ್ಲ. ಇದೆ, ಅದಕ್ಕೆ ಉಡಿಕಿ ಅನ್ನುತ್ತಾರೆ. ಆದರೆ ಅದನ್ನು ಮಾಡುವ ರೀತಿ ಬೇರೆ. ಕತ್ತಲಾದ ಮೇಲೆ ಹಿತ್ತಿಲಲ್ಲಿ ದೀಪ ಸಣ್ಣಗೆ ಮಾಡಿ, ಒಬ್ಬ ಜಂಗಮಯ್ಯನನ್ನು ಕರೆದು, ಪಿಸುಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮುತ್ತೈದೆಯರು ಹತ್ತಿರ ಸುಳಿಯುವುದಿಲ್ಲ, ಅಕ್ಕಿಕಾಳು ಹಾಕುವುದಿಲ್ಲ. ಬೆಳಗಾಗುವುದರೊಳಗೆ ಹೆಣ್ಣನ್ನು ಊರು ದಾಟಿಸಬೇಕು. ಕದ್ದ ಎಮ್ಮೆಯನ್ನೂ ಇದಕ್ಕಿಂತ ಹೆಚ್ಚು ಮರ್ಯಾದೆಯಿಂದ ಸಾಗಿಸುತ್ತಾರೆ ಎಂದು ನಾನು ಅತ್ತೆಗೆ ಹೇಳಿದ್ದೆ.

"ಮನಷಾ ಛಲೋ ಇದ್ದಾನವ್ವ," ಎಂದಿದ್ದಳು ಅತ್ತೆ.

"ಛಲೋ ಇದ್ರ ಹಗಲಿನ್ಯಾಗ ಮಾಡ್ಕೋತೀನಿ. ಕತ್ತಲಾಗ ಒಲ್ಲೆ."

"ಹಗಲಿನ್ಯಾಗ ಉಡಿಕಿ ಯಾರ ಮಾಡ್ಯಾರ? ಮುತ್ತೈದೇರು ನಿನ್ನ ಮ್ಯಾಲ ಅಕ್ಕಿಕಾಳ ಹಾಕ್ತಾರೇನು?"

"ಹಾಕಲಿಲ್ಲಂದ್ರ ಬ್ಯಾಡ. ನಾ ಹಿಂಗೇ ಇರ್ತೀನಿ."

ಬಾಯಿಮಾತಿಗೆ ಹೇಳಿದ್ದಲ್ಲ. ಒಬ್ಬಳೇ ಇರುವುದಕ್ಕೆ ನನಗೆ ಹೆದರಿಕೆಯಿತ್ತು, ಬೇಕಾದಷ್ಟು ಇತ್ತು. ಆದರೆ ತಪ್ಪು ಮಾಡಿದವಳ ಹಾಗೆ ಹಿತ್ತಿಲಿನಿಂದ ಹೊರಟುಹೋಗುವುದು ಅದಕ್ಕಿಂತ ಕೆಟ್ಟದೆನಿಸುತ್ತಿತ್ತು. ಅತ್ತೆ ಸೋಲುವ ಹೆಣ್ಣಲ್ಲ. ದೊಡ್ಡಪ್ಪನ ಪ್ರವಾಸದ ಸುದ್ದಿ ಕೇಳಿದ್ದೇ, ಮೈದುನನನ್ನು ಕಟ್ಟಿಕೊಂಡು ತಾನೂ ಹೊರಟಳು. ನಾಲ್ಕು ದಿನ ಒಟ್ಟಿಗೆ ತಿರುಗಾಡಿದರೆ ನನ್ನ ಹಟ ಕರಗುತ್ತದೆಂದು ಅವಳ ಲೆಕ್ಕ. ಈ ಲೆಕ್ಕ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ನಮ್ಮ ಓಣಿಯಿಂದ ಜೊತೆಗೆ ಹೊರಟ ಹೆಂಗಸರಿಗೂ ಗೊತ್ತಿತ್ತು. ಎಲ್ಲರೂ ಗೊತ್ತಿಲ್ಲದವರ ಮುಖ ಮಾಡಿಕೊಂಡು ಸೋಲಾಪುರದಲ್ಲಿ ರೈಲು ಹತ್ತಿದೆವು.

ಮುಂಬಯಿಯ ಧರ್ಮಶಾಲೆಯಲ್ಲಿ ನಮ್ಮ ಗುಂಪು ಮೊದಲ ದಿನವೇ ಹೆಸರು ಮಾಡಿತು. ಲಿಂಗಪೂಜೆ ಆಗದೆ ನಮ್ಮವರು ಹನಿ ನೀರೂ ಕುಡಿಯುವುದಿಲ್ಲ. ಹೀಗಾಗಿ ಬೆಳಿಗ್ಗೆ ಇದ್ದ ಒಂದೇ ನಲ್ಲಿಯ ಮುಂದೆ ನಮ್ಮವರೆಲ್ಲ ಒದ್ದೆ ಸೀರೆ, ಒದ್ದೆ ಧೋತರದಲ್ಲಿ ಸಾಲು ನಿಂತರು. ಗುಜರಾತದ ಒಂದು ಕುಟುಂಬ ಬಕೆಟು ಹಿಡಿದು ನಮ್ಮನ್ನು ನೋಡುತ್ತಲೇ ಇತ್ತು. ದೊಡ್ಡಪ್ಪ ವಿಭೂತಿ ಹಚ್ಚಿಕೊಂಡು, ಅಂಗೈಯಲ್ಲಿ ಲಿಂಗ ಹಿಡಿದು ಕಣ್ಣು ಮುಚ್ಚಿದನೆಂದರೆ ರಾಜಧಾನಿಯೂ ಕಾಯಬೇಕು. ನಾವು ಚಹಾ ಕುಡಿಯುವ ಹೊತ್ತಿಗೆ ಊರಿನ ಉಳಿದವರು ಕಚೇರಿ ಮುಟ್ಟಿರುತ್ತಿದ್ದರು.

ಸಮುದ್ರದ ದಂಡೆಯಲ್ಲಿ ಗೇಟ್‌ವೇ ನೋಡಿ ದೊಡ್ಡವ್ವ ಮರುಗಿದಳು. "ಇಷ್ಟ ದೊಡ್ಡ ಬಾಗಲಾ ಕಟ್ಟ್ಯಾರ, ಮನಿ ಕಟ್ಟೋದು ಆಗಿಲ್ಲ ನೋಡು ಪಾಪ," ಎಂದಳು. ಅಲ್ಲಿಂದ ಘಾರಾಪುರಿ ನಡುಗಡ್ಡೆಗೆ ಲಾಂಚು. ಕಲ್ಲಿನ ಗುಡ್ಡ ಕೊರೆದು ಶಿವನ ಮನೆ ಮಾಡಿದ್ದಾರೆಂದು ಯಾರೋ ಹೇಳಿದ್ದರು. ಹೆಂಗಸರಿಗೆ ಅಷ್ಟು ಸಾಕಾಗಿತ್ತು. ದೊಡ್ಡಪ್ಪ ಮಾತ್ರ, "ಎದಿ ಮ್ಯಾಲ ಲಿಂಗ ಇಟ್ಕೊಂಡು ಕಲ್ಲಿಗಿ ಕೈ ಮುಗಿಯೋದು ನನ್ನಿಂದ ಆಗಂಗಿಲ್ಲ. ನಾ ನೀರು ನೋಡ್ಲಿಕ್ಕ ಬರ್ತೀನಿ," ಎಂದು ಹತ್ತಿದ.

ಲಾಂಚು ದಂಡೆ ಬಿಟ್ಟಿದ್ದೇ ಅತ್ತೆಯ ಮೈದುನ ಹಳದಿಗಾದ. ದೊಡ್ಡ ರುಮಾಲು ಸುತ್ತಿ ಗಂಭೀರವಾಗಿ ಕೂತಿದ್ದ ಮನುಷ್ಯ, ನೋಡುನೋಡುತ್ತ ಕಟಕಟೆಗೆ ಜೋತುಬಿದ್ದು ಬೆಳಗಿನ ರೊಟ್ಟಿಯನ್ನು ಅರಬ್ಬಿ ಸಮುದ್ರಕ್ಕೆ ಒಪ್ಪಿಸತೊಡಗಿದ. ಗಾಳಿಗೆ ರುಮಾಲು ಹಾರುವುದರಲ್ಲಿತ್ತು. ಅತ್ತೆ ನನ್ನ ಕಡೆ ನೋಡಿದಳು. ಹೆಂಗಸರೆಲ್ಲ ಒಮ್ಮೆಗೇ ಎದುರು ದಿಕ್ಕಿಗೆ ತಿರುಗಿ, ಅಲ್ಲಿ ಏನೂ ಇಲ್ಲದ ನೀರನ್ನು ಮೆಚ್ಚಿಕೊಂಡು ನೋಡತೊಡಗಿದರು. ನಾನು ಎದ್ದುಹೋಗಿ ರುಮಾಲು ಹಿಡಿದೆ, ಒಂದು ನಿಂಬೆಹಣ್ಣು ಕೊಟ್ಟೆ.

ಅವನು ನಿಂಬೆ ಮೂಸುತ್ತ ನೀರಿನ ಕಡೆ ನೋಡಿದ. ಆಮೇಲೆ, "ನಮ್ಮ ಕಡಿ ಬಾವಿಗಿ ಇಳಿದ್ರ ಕೊಡ ತುಂಬಂಗಿಲ್ಲ. ಇಲ್ಲಿ ಇಷ್ಟದ, ಬಾಯಿ ಮುಕ್ಕಳಸ್ಲಿಕ್ಕೂ ಬರಂಗಿಲ್ಲ. ಯಾರ ಕೂಡ ಜಗಳಾ ತೆಗೀಬೇಕ್ರೀ ಇದಕ?" ಎಂದ.

ನನಗೆ ನಗು ಬಂತು. ಆ ಸ್ಥಿತಿಯಲ್ಲೂ ನಗಿಸುವ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮನುಷ್ಯ ಹಿಡಿಸಿದ, ಸುಳ್ಳು ಯಾಕೆ ಹೇಳಲಿ. ಹಿಡಿಸಿದ್ದೇ ತೊಡಕಾಯಿತು. ಒಪ್ಪಿದರೆ ಕತ್ತಲ ಹಿತ್ತಿಲು, ಒಪ್ಪದಿದ್ದರೆ ಇವನಿಲ್ಲ.

ನಡುಗಡ್ಡೆಯ ಮೆಟ್ಟಿಲು ಹತ್ತಿ ಗುಹೆಯೊಳಗೆ ಹೋದಾಗ ಮಾತು ತಾನಾಗಿ ನಿಂತಿತು. ಹೊರಗಿನ ಬೆಳಕು ಕಂಬಗಳ ನಡುವೆ ಬಂದು ಬಿದ್ದಿತ್ತು. ಗೋಡೆಯ ತುಂಬ ಆಳೆತ್ತರಕ್ಕಿಂತ ದೊಡ್ಡ ದೇವರುಗಳು. ಕೆಲವರಿಗೆ ಕೈಯಿಲ್ಲ, ಕೆಲವರಿಗೆ ಕಾಲಿಲ್ಲ. ಮೂರು ಮುಖದ ಶಿವನ ಮುಂದೆ ದೊಡ್ಡವ್ವ ಸೆರಗು ಸರಿಮಾಡಿಕೊಂಡು ನಿಂತಳು. ದೊಡ್ಡಪ್ಪ ಹೊರಗಿನ ಕಲ್ಲಿನ ಮೇಲೆ ಎಲೆಯಡಿಕೆ ಚಂಚಿ ಬಿಚ್ಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಒಂದು ಕಡೆ ಶಿವಪಾರ್ವತಿಯರ ಮದುವೆ ಕೆತ್ತಿದ್ದರು. ಅಲ್ಲಿಗೆ ಬಂದದ್ದೇ ನಮ್ಮ ಹೆಂಗಸರಿಗೆ ಮಾತು ಮರಳಿ ಬಂತು. ಪಾರ್ವತಿ ತಲೆ ತಗ್ಗಿಸಿದ್ದಾಳೆ. ಅವಳಪ್ಪ ಹಿಂದಿನಿಂದ ಕೈಹಿಡಿದು ಮೆಲ್ಲಗೆ ಮುಂದಕ್ಕೆ ದೂಡುತ್ತಿದ್ದಾನೆ. ಯಾವ ಕಾಲದ ಅಪ್ಪನೇ ಆಗಲಿ, ಕೆಲಸ ಒಂದೇ ಅಂದುಕೊಂಡೆ. ದಾಳಿಂಬದವರು ತಕ್ಷಣ ಹೆಣ್ಣಿನ ಕಡೆಯವರಾದರು. ಉದಗೀರದ ಅತ್ತೆ ಶಿವನ ಕಡೆ ಹಿಡಿದಳು.

"ವರಾ ಬಂದು ನಿಂತಾನ. ಕಾಲಿಗಿ ನೀರು ಕೊಡೋ ರೂಢಿ ಇಲ್ಲೇನು ನಿಮ್ಮಲ್ಲಿ?" ಎಂದಳು ಅತ್ತೆ.

"ನಿಮ್ಮ ವರಗ ಕಾಲೇ ಮುರದಾವ, ಎಲ್ಲಿ ಹಾಕ್ಲಿ?" ಎಂದಳು ದೊಡ್ಡವ್ವ.

ಅಷ್ಟರಲ್ಲಿ ದೊಡ್ಡವ್ವನ ಕಣ್ಣಿಗೆ ಒಂದು ವಿಷಯ ಬಿತ್ತು. ಪಾರ್ವತಿ ಶಿವನ ಬಲಕ್ಕೆ ನಿಂತಿದ್ದಾಳೆ. ನಮ್ಮಲ್ಲಿ ತಾಳಿ ಕಟ್ಟುವವರೆಗೆ ಹೆಣ್ಣು ಬಲಕ್ಕೆ, ಕಟ್ಟಿದ ಮೇಲೆ ಎಡಕ್ಕೆ. ಅಂದರೆ ಈ ಮದುವೆ ಇನ್ನೂ ಆಗಿಲ್ಲ.

"ಅಯ್ಯ ಶಿವನೇ, ಎಷ್ಟು ಕಾಲದಿಂದ ಹಿಂಗೇ ನಿಂತಾಳ ಕೂಸು," ಎಂದಳು ದೊಡ್ಡವ್ವ. "ಇಷ್ಟ ಮಂದಿ ಬಂದು ನೋಡಿ ಹೋಗ್ತಾರ, ಒಬ್ಬರಿಗ್ಯಾದ್ರೂ ಅಕ್ಕಿಕಾಳ ಹಾಕಬೇಕಂತ ತಿಳೀಲಿಲ್ಲ."

ಕೆತ್ತಿದವರಿಗೆ ನಮ್ಮ ಈ ರೂಢಿ ಗೊತ್ತಿರಲಾರದೆಂದು ಯಾರಿಗೂ ಅನಿಸಲಿಲ್ಲ. ನಿಂತುಹೋದ ಮದುವೆಯನ್ನು ಮುಗಿಸಿಕೊಡುವುದು ನಮ್ಮ ಕರ್ತವ್ಯವೆಂದು ಎರಡೂ ಬೀಗರ ಕಡೆಯವರು ಒಪ್ಪಿದರು. ದೊಡ್ಡವ್ವ ಸೊಂಟದ ಗಂಟು ಬಿಚ್ಚಿದಳು. ಹೆಸರಿಗೆ ಅಕ್ಕಿಕಾಳು, ನಮ್ಮ ಕಡೆ ಅದು ಅರಿಷಿಣ ಕುಂಕುಮ ಹಚ್ಚಿದ ಜೋಳ. ದೇವರ ಊರಿಗೆ ಹೊರಟವಳು ಅದನ್ನು ಬಿಟ್ಟು ಬರುವವಳಲ್ಲ. ಮುತ್ತೈದೆಯರ ಕೈಗೆಲ್ಲ ಹಂಚುತ್ತ ನನ್ನ ಮುಂದೆ ಬಂದಾಗ ಅವಳ ಕೈ ನಿಂತಿತು.

"ನೀ ಸ್ವಲ್ಪ ಆಚಿ ನಿಲ್ಲವ್ವ," ಎಂದಳು, ಮೆತ್ತಗೆ.

ಊರಲ್ಲಿ ಎಷ್ಟೋ ಮದುವೆಯಲ್ಲಿ ಕೇಳಿದ ಮಾತು. ಅಲ್ಲೆಲ್ಲ ಸುಮ್ಮನೆ ಕಂಬದ ಹಿಂದೆ ಹೋಗಿದ್ದೆ. ಅವತ್ತು ಸಿಟ್ಟು ಬಂತು. ಆಚೆ ಎಂದಳು, ಯಾವ ಆಚೆ ಎಂದು ಹೇಳಲಿಲ್ಲವಲ್ಲ. ನಾನು ನೆಟ್ಟಗೆ ಹೋಗಿ ಪಾರ್ವತಿಯ ಬುಡದಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತುಬಿಟ್ಟೆ. ಹಾಡು ಶುರುವಾಗಿತ್ತು, ಕೈಗಳು ಮೇಲೆದ್ದಿದ್ದವು. ಲಾಂಚಿನ ಸಂಕಟ ಇನ್ನೂ ಇಳಿಯದ ಅತ್ತೆಯ ಮೈದುನ ಅದೇ ಹೊತ್ತಿಗೆ ರುಮಾಲು ಸರಿಮಾಡಿಕೊಳ್ಳುತ್ತ ಬಂದು ನನ್ನ ಪಕ್ಕದಲ್ಲಿ, ಶಿವನ ಕೆಳಗೆ ನಿಂತ. ಒರಗಲು ಗೋಡೆ ಬೇಕಾಗಿರಬೇಕು ಎಂದುಕೊಂಡೆ.

ಜೋಳ ಹಾರಿತು. ಕಲ್ಲಿನ ಎದೆಗೆ ಬಡಿದು, ಪುಟಿದು, ಪೂರ್ತಿ ನಮ್ಮಿಬ್ಬರ ತಲೆಯ ಮೇಲೆ ಸುರಿಯಿತು. ನನ್ನ ಕೂದಲಲ್ಲಿ, ಅವನ ರುಮಾಲಿನ ಸುತ್ತಿನಲ್ಲಿ, ನನ್ನ ಕುಪ್ಪಸದ ಕೊರಳಲ್ಲಿ.

ಹಾಡು ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಕಾವಲುಗಾರ ಓಡಿಬಂದ. "ಓ ಬಾಯಿ, ಇಥೆ ಪೂಜಾ ಕರಾಯಚೀ ನಾಹೀ," ಎಂದು, ಪೂಜೆ ಮಾಡಕೂಡದೆಂದು ಮರಾಠಿಯಲ್ಲಿ ಶುರುಮಾಡಿದವನು, ಗುಂಪಿನ ಮುಖ ನೋಡಿ, ಇಲ್ಲಿ ಪೂಜೆಗಿಂತ ದೊಡ್ಡದೇನೋ ಆಗಿದೆಯೆಂದು ತಿಳಿದು ಸುಮ್ಮನಾದ. ಎಲ್ಲರೂ ಹೊರಗೆ ದೊಡ್ಡಪ್ಪನ ಹತ್ತಿರ ಹೋದೆವು. ಊರಲ್ಲಿ ಹೊಲದ ಬಾಂದಿನ ಜಗಳದಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ತೀರ್ಪು ಹೇಳುತ್ತಿದ್ದವನು ಅವನೇ.

"ದೇವರಿಗಿ ಹಾಕಿದ್ದು ತಪ್ಪಿ ಬಿತ್ತು. ಅದೇನು ಲೆಕ್ಕಲ್ಲ," ಎಂದಳು ಅತ್ತೆ. ಅವಳಿಗೆ ಸಂಬಂಧ ಬೇಕಿತ್ತು, ಆದರೆ ಜನರ ಬಾಯಿಗೆ ಹೆದರಿಕೆ. ಊರಲ್ಲಿ ಗೊತ್ತಾದರೆ ಹಾಕಿದ ಮುತ್ತೈದೆಯರನ್ನೇ ಆಡಿಕೊಳ್ಳುತ್ತಾರೆಂದು ನಡುಗುತ್ತಿದ್ದಳು.

"ಅಲ್ಲಿ ಯಾಕ ಹೋಗಿ ನಿಂತೀ?" ಎಂದು ದೊಡ್ಡವ್ವ ನನ್ನನ್ನು ಕೇಳಿದಳು.

"ಆಚಿ ನಿಲ್ಲು ಅಂದಿ, ನಿಂತೀನಿ," ಎಂದೆ. "ಈಗ ಏಳು ಮಂದಿ ಮುತ್ತೈದೇರು ಹಗಲಾಗ, ಶಿವನ ಮುಂದ, ನನ್ನ ಮ್ಯಾಲ ಅಕ್ಕಿಕಾಳ ಹಾಕೀರಿ. ಮ್ಯಾಲಿಂದ ಹಾಡೂ ಹಾಡೀರಿ. ಇನ್ನ ನನ್ನ ಕತ್ತಲಾಗ ಹ್ಯಾಂಗ ಕಳಸ್ತೀರಿ?"

ಎರಡನೇ ಸಲ ಬಾಯಿ ತೆಗೆದಿದ್ದರೆ ಅತ್ತುಬಿಡುತ್ತಿದ್ದೆ. ಅವರು ಇಲ್ಲವೆಂದರೆ ಇದಕ್ಕಿಂತ ದೊಡ್ಡ ವಾದ ನನ್ನ ಹತ್ತಿರ ಇರಲಿಲ್ಲ.

ದೊಡ್ಡಪ್ಪ ಎಲೆ ಜಗಿಯುತ್ತ ಎಲ್ಲರ ಮುಖ ನೋಡಿದ. "ತಪ್ಪಿ ಬಿದ್ದದ್ದು ಅಂದ್ರ ಬಿಟ್ಟುಬಿಡೂಣು. ಆಕಿ ಹಟಾ ಬ್ಯಾರೆ. ನೀವೇನಂತೀರಿ ಬೀಗ್ರ, ನಿಮಗ ತಪ್ಪಿ ಬಿದ್ದದ್ದ ಹೌದಲ್ಲ?" ಎಂದು ಅತ್ತೆಯ ಮೈದುನನನ್ನು ಕೇಳಿದ. ಹೌದೆಂದು ಬಿಡು, ಇಲ್ಲಿಗೆ ಮುಗಿಯಲಿ ಎಂಬ ದನಿ ಅದು.

ಅವನು ರುಮಾಲಿನಿಂದ ಒಂದು ಕಾಳು ತೆಗೆದು ನೋಡಿದ.

"ನನ್ನ ಮ್ಯಾಲ ತಪ್ಪಿ ಬಿದ್ದಿಲ್ರೀ," ಎಂದ. "ಇವ್ರು ಅಲ್ಲಿ ಹೋಗಿ ನಿಂತದ್ದು ನೋಡಿದೆ. ಕೈ ಎತ್ತಿದ್ದೂ ನೋಡಿದೆ. ಒಬ್ಬರ ಮ್ಯಾಲೇ ಬಿದ್ದ್ರ ಮದುವಿ ಆಗಂಗಿಲ್ಲಂತ ನಾನೇ ಹೋಗಿ ನಿಂತೀನಿ." ಅತ್ತಿಗೆಯ ಕಡೆ ತಿರುಗಿ, "ವೈನಿ, ಕತ್ತಲಾಗ ನನಗೂ ಬ್ಯಾಡ," ಎಂದ.

ಅತ್ತೆ ಕಲ್ಲಿನ ಮೇಲೆ ಕೂತುಬಿಟ್ಟಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾಚಿಕೆಯೆಂದು ಅವರು ತಿಳಿದರು. ಅಳು ಅದು, ತಡೆಯಲಾಗದ ಸಂತೋಷದ ಅಳು. ಅಷ್ಟು ವರ್ಷ ಎಲ್ಲರೂ ನನ್ನನ್ನು ಆಚೆ ನಿಲ್ಲಿಸಿದ್ದರು, ನಾನು ನಿಂತಲ್ಲಿಗೆ ತಾನಾಗಿ ಬಂದು ನಿಂತವನು ಅವನೊಬ್ಬನೇ.

ದೊಡ್ಡಪ್ಪ ಬಾಯಲ್ಲಿದ್ದ ಎಲೆ ಉಗುಳಿ, "ಆತು. ಇನ್ನ ಕತ್ತಲಾಗ ಮಾಡಿದ್ರ ಈ ಏಳೂ ಮಂದಿ ಕೈ ಸುಳ್ಳ ಆಗ್ತಾವ," ಎಂದ.

ಮದುವೆ ದಾಳಿಂಬದಲ್ಲೇ ಆಯಿತು. ಕೆಲವರು ಬರಲಿಲ್ಲ, ಕೆಲವರು ಬಂದು ಊಟವನ್ನಷ್ಟೇ ಮಾಡಿಹೋದರು. ಬೆಳಗಿನ ತಂಪಿನಲ್ಲಿ ಮುಗಿಸೋಣ, ಯಾರ ಕಣ್ಣಿಗೂ ಅಷ್ಟಾಗಿ ಬೀಳುವುದಿಲ್ಲ ಎಂದು ಅತ್ತೆ ಕೊನೆಯ ತನಕ ಹೇಳಿ ನೋಡಿದಳು. ನಾನು ಕೇಳಲಿಲ್ಲ. ವೈಶಾಖದ ನಡುಮಧ್ಯಾಹ್ನ, ಹಂದರದ ನೆರಳೂ ಸಾಲದಂಥ ಬಿಸಿಲಿನಲ್ಲಿ, ತಲೆಬಾಗಿಲಿನಿಂದ ಹೊರಗೆ ಬಂದೆ. ಬೀಗರು ಬೆವರು ಒರೆಸಿಕೊಳ್ಳುತ್ತ ಗೊಣಗುತ್ತಿದ್ದರು. ನನ್ನ ಪಕ್ಕದಲ್ಲಿದ್ದವನು ನನ್ನ ಕಡೆ ಬಾಗಿ, "ಇಷ್ಟು ಹಗಲು ಸಾಕೇನ್ರೀ?" ಎಂದು ಕೇಳಿದ.

ಸಾಕು ಎಂದೆ.